ಮರಳುಗಾಡಿನ ಏಕಾಂತವಾಸಿಗಳು

ಏಕಾಂತವಾಸಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ. ದಟ್ಟವಾದ ಅಡವಿ, ಅದರ ನಡುವೆ ಒಂದು ಪರ್ಣಶಾಲೆ. ಇಲ್ಲವೆ ಕಾಲಿಗೆ ಬಳ್ಳಿ ಹಬ್ಬಿ, ಸುತ್ತ ಹುತ್ತ ಬೆಳೆದು, ಅದಾವುದರ ಪರಿವೆಯೂ ಇಲ್ಲದೆ ನಿಂತ ತಪಸ್ವಿ. ನಮ್ಮ ಪುರಾಣಕಾವ್ಯಗಳು ಈ ಚಿತ್ರವನ್ನು ಎಷ್ಟು ಸೊಗಸಾಗಿ ಬರೆದಿವೆಯೆಂದರೆ, ಅದರಾಚೆಗೆ ಕೇಳಬೇಕಾದದ್ದು ಏನೂ ಉಳಿದಿಲ್ಲವೆಂದೇ ತೋರುತ್ತದೆ. ಆದರೆ ಚರಿತ್ರೆಯನ್ನು ಓದುವವನಿಗೆ ಸಣ್ಣ ಸಣ್ಣ ಪ್ರಶ್ನೆಗಳನ್ನು ಕೇಳುವ ಚಾಳಿ. ಆ ತಪಸ್ವಿಗೆ ಅನ್ನ ಎಲ್ಲಿಂದ ಬರುತ್ತಿತ್ತು? ಅವನು ಬಿಟ್ಟುಬಂದ ಹೊಲವನ್ನು ಆಮೇಲೆ ಉತ್ತವರು ಯಾರು? ಮನೆಯಲ್ಲಿ ಉಳಿದವರ ಗತಿ ಏನಾಯಿತು? ಯಾರ ಕಣ್ಣಿಗೂ ಬೀಳಬಾರದೆಂದು ಹೋದವನ ಹೆಸರು ನಮ್ಮವರೆಗೆ ಬಂದುದಾದರೂ ಹೇಗೆ?

ಈ ಪ್ರಶ್ನೆಗಳು ಕೇವಲ ಪಾಂಡಿತ್ಯದ ಪ್ರಶ್ನೆಗಳೆಂದು ನನಗೆ ಅನ್ನಿಸುವುದಿಲ್ಲ. ನನ್ನಂತೆ ಅರುವತ್ತು ದಾಟಿ, ಉದ್ಯೋಗದಿಂದ ನಿವೃತ್ತರಾದವರು ನಾಲ್ವರು ಒಂದೆಡೆ ಸೇರಿದರೆ, ಒಂದಲ್ಲ ಒಂದು ಹೊತ್ತಿನಲ್ಲಿ ‘ಎಲ್ಲವನ್ನೂ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು’ ಎಂಬ ಮಾತು ಬಂದೇ ಬರುತ್ತದೆ. ಸಂಜೆಯ ಕಾಫಿ ಬಂದೊಡನೆ ಆ ಮಾತು ಮರೆತೂಹೋಗುತ್ತದೆ. ಆದರೂ ಅದು ಮತ್ತೆ ಮತ್ತೆ ಬರುವುದಕ್ಕೆ ಕಾರಣವಿರಬೇಕು. ನಿಜವಾಗಿಯೂ ಹಾಗೆ ಬಿಟ್ಟುಹೋದವರು ಏನನ್ನು ಬಿಟ್ಟರು, ಏನನ್ನು ಬಿಡಲಾರದೆ ಹೋದರು ಎಂಬುದನ್ನು ನೋಡಬೇಕಾದರೆ ನಮಗೆ ದಾಖಲೆ ಬೇಕು. ಅಂಥ ದಾಖಲೆ ಯಥೇಚ್ಛವಾಗಿ ದೊರೆಯುವ ಒಂದು ದೇಶಕಾಲವಿದೆ. ಅದು ಕ್ರಿಸ್ತಶಕ ನಾಲ್ಕನೆಯ ಶತಮಾನದ ಈಜಿಪ್ಟು. ಅಲ್ಲಿಯ ಒಣಹವೆಯಲ್ಲಿ ಪಪೈರಸ್ ಹಾಳೆಗಳು ಸಾವಿರಾರು ವರ್ಷ ಕೊಳೆಯದೆ ಉಳಿದಿವೆ. ಸಂತರ ಚರಿತ್ರೆಯ ಜೊತೆಯಲ್ಲಿಯೇ ರೈತನ ಅರ್ಜಿ, ತೆರಿಗೆಯ ರಸೀದಿ, ಸಾಲದ ಪತ್ರ ಎಲ್ಲವೂ ಅಲ್ಲಿ ಸಿಕ್ಕಿವೆ. ತಪಸ್ವಿಯನ್ನು ಪುರಾಣಕಾರನ ಕಣ್ಣಿನಿಂದಲೂ ಶಾನುಭೋಗನ ಕಣ್ಣಿನಿಂದಲೂ ನೋಡುವ ಅವಕಾಶ ಅಲ್ಲಿ ನಮಗುಂಟು.

ಮೊದಲು ಆ ನಾಡಿನ ಭೂಗೋಳವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈಜಿಪ್ಟು ಎಂದರೆ ನೈಲ್ ನದಿ, ಅದರ ಎರಡು ದಡಗಳಲ್ಲಿ ಅಗಲ ಕಿರಿದಾದ ಹಸುರಿನ ಪಟ್ಟಿ. ಅದರಾಚೆಗೆ ಮರಳು, ಕಲ್ಲು. ಪ್ರಾಚೀನ ಈಜಿಪ್ಟಿನವರು ಹೊಲಗದ್ದೆಯ ನೆಲವನ್ನು ಕಪ್ಪು ಭೂಮಿಯೆಂದೂ, ಮರುಭೂಮಿಯನ್ನು ಕೆಂಪು ಭೂಮಿಯೆಂದೂ ಕರೆದರು. ಎರಡರ ನಡುವೆ ಗೆರೆ ಎಳೆದಂತೆ ಗಡಿ. ಅನೇಕ ಕಡೆಗಳಲ್ಲಿ ಒಂದು ಕಾಲು ಗೋಧಿಯ ಹೊಲದಲ್ಲಿ, ಇನ್ನೊಂದು ಕಾಲು ಮರಳಿನಲ್ಲಿ ಇಟ್ಟು ನಿಲ್ಲಬಹುದು. ನಮ್ಮ ಮಲೆನಾಡಿನಲ್ಲಿ ಊರು ತೆಳುವಾಗುತ್ತಾ ತೆಳುವಾಗುತ್ತಾ ಕಾಡಾಗುತ್ತದೆ, ಅಲ್ಲಿ ಹಾಗಿಲ್ಲ. ಊರು ಮುಗಿದಲ್ಲಿಯೇ ಬಯಲು. ಹೀಗಾಗಿ ಲೋಕವನ್ನು ತೊರೆಯುವುದು ಅಲ್ಲಿ ಎಲ್ಲರ ಕಣ್ಣಿಗೂ ಕಾಣುವ ಕೆಲಸವಾಗಿತ್ತು. ತೊರೆದವನು ಹಿಂದಿರುಗಿ ನೋಡಿದರೆ ತನ್ನ ಊರಿನ ಖರ್ಜೂರದ ಮರಗಳು ಅವನಿಗೂ ಕಾಣುತ್ತಿದ್ದವು.

ಇನ್ನೊಂದು ಸಂಗತಿ ಆ ‘ತೊರೆಯುವುದು’ ಎಂಬ ಮಾತಿಗೇ ಸಂಬಂಧಿಸಿದ್ದು. ಏಕಾಂತವಾಸಿಯ ನಿರ್ಗಮನಕ್ಕೆ ಗ್ರೀಕ್ ಭಾಷೆಯಲ್ಲಿ ‘ಅನಖೋರೆಸಿಸ್’ ಎಂದು ಹೆಸರು. ಹಿಂದಕ್ಕೆ ಸರಿಯುವುದು ಎಂದು ಅದರ ಅರ್ಥ. ಆದರೆ ಸಂತರು ಈ ಪದವನ್ನು ಬಳಸುವುದಕ್ಕೆ ನೂರಾರು ವರ್ಷ ಮೊದಲೇ ಈಜಿಪ್ಟಿನ ಕಂದಾಯದ ಕಾಗದಗಳಲ್ಲಿ ಅದು ಬೇರೊಂದು ಅರ್ಥದಲ್ಲಿ ಬಳಕೆಯಲ್ಲಿತ್ತು. ತೆರಿಗೆ ಕಟ್ಟಲಾರದೆ, ಬಿಟ್ಟಿ ದುಡಿಮೆ ಮಾಡಲಾರದೆ, ಹೊಲಮನೆ ಬಿಟ್ಟು ರಾತ್ರೋರಾತ್ರಿ ಓಡಿಹೋದ ರೈತನ ಪಲಾಯನಕ್ಕೆ ಹಾಗೆನ್ನುತ್ತಿದ್ದರು. ರೋಮನ್ ಆಡಳಿತದ ಅಡಿಯಲ್ಲಿ ಅಂಥ ಪಲಾಯನ ಸರ್ವೇಸಾಮಾನ್ಯವಾಗಿತ್ತು. ಓಡಿಹೋದವನ ಪಾಲಿನ ತೆರಿಗೆಯನ್ನು ಊರಲ್ಲಿ ಉಳಿದವರ ಮೇಲೆ ಹೊರಿಸುವ ಪದ್ಧತಿಯಿದ್ದುದರಿಂದ ಒಬ್ಬನು ಹೋದರೆ ಅವನ ಹಿಂದೆ ಇನ್ನಿಬ್ಬರು ಹೋಗುವ ಪರಿಸ್ಥಿತಿ. ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಒಂದು ಪಪೈರಸ್ಸಿನಲ್ಲಿ, ಜನರು ದೈವದ ಮುಂದೆ ಇಡುತ್ತಿದ್ದ ಪ್ರಶ್ನೆಗಳ ಪಟ್ಟಿಯೇ ಇದೆ. ನನಗೆ ಹಣ ಬರುತ್ತದೆಯೇ, ನಾನು ಭಿಕ್ಷುಕನಾಗುವೆನೇ ಎಂಬ ಪ್ರಶ್ನೆಗಳ ಸಾಲಿನಲ್ಲಿ ನಾನು ಓಡಿಹೋಗಬೇಕಾಗುತ್ತದೆಯೇ ಎಂಬುದೂ ಒಂದು. ಅದು ನಿತ್ಯದ ಪ್ರಶ್ನೆಯಾಗಿದ್ದುದರಿಂದಲೇ ಅದಕ್ಕೂ ಒಂದು ಸಂಖ್ಯೆ ಕೊಟ್ಟು ಪಟ್ಟಿಯಲ್ಲಿ ಸೇರಿಸಿದ್ದರು.

ಈ ಹಿನ್ನೆಲೆಯಲ್ಲಿ ನಾವು ಸಂತ ಆಂಟನಿಯ ಕಥೆಯನ್ನು ನೋಡಬೇಕು. ಕ್ರಿ.ಶ. 251ರ ಸುಮಾರಿನಲ್ಲಿ ನೈಲ್ ದಂಡೆಯ ಹಳ್ಳಿಯೊಂದರ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವನು ಆತ. ಆತನ ಚರಿತ್ರೆಯನ್ನು ಬರೆದವನು ಅಲೆಗ್ಸಾಂಡ್ರಿಯದ ಬಿಷಪ್ ಅಥನೇಷಿಯಸ್. ಆಂಟನಿ ತೀರಿಕೊಂಡ ಸ್ವಲ್ಪ ಕಾಲದಲ್ಲಿಯೇ ಬರೆದದ್ದು. ಹದಿನೆಂಟೋ ಇಪ್ಪತ್ತೋ ವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಆಂಟನಿಗೆ ಉಳಿದದ್ದು ಒಬ್ಬಳು ಚಿಕ್ಕ ತಂಗಿ ಮತ್ತು ಮುನ್ನೂರು ಅರೌರ, ಅಂದರೆ ಸುಮಾರು ಇನ್ನೂರು ಎಕರೆ, ಫಲವತ್ತಾದ ಜಮೀನು. ಒಂದು ದಿನ ಚರ್ಚಿನಲ್ಲಿ, ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಸುವಾರ್ತೆಯ ವಾಕ್ಯ ಅವನ ಕಿವಿಗೆ ಬಿತ್ತು. ಅದು ತನಗಾಗಿಯೇ ಹೇಳಿದ್ದೆಂದು ತಿಳಿದು ಜಮೀನನ್ನು ಊರವರಿಗೆ ಬಿಟ್ಟುಕೊಟ್ಟ. ಅವರಿಂದ ತನಗೂ ತಂಗಿಗೂ ಮುಂದೆ ಯಾವ ತೊಡಕೂ ಬರಬಾರದೆಂದು ಹೀಗೆ ಮಾಡಿದನೆಂದು ಅಥನೇಷಿಯಸ್ ಹೇಳುತ್ತಾನೆ. ಆ ಕಾಲದ ಕಂದಾಯದ ಪದ್ಧತಿಯನ್ನು ಬಲ್ಲವರಿಗೆ ಈ ಒಂದು ಮಾತಿನ ಹಿಂದೆ ಇಡೀ ಗ್ರಾಮಜೀವನವೇ ಕಾಣುತ್ತದೆ. ಜಮೀನು ಕೈಯಲ್ಲಿರುವವರೆಗೆ ಊರು ಮನುಷ್ಯನನ್ನು ಬಿಡುತ್ತಿರಲಿಲ್ಲ.

ತಂಗಿಯ ವಿಷಯ ಏನು? ಆಕೆಯನ್ನು ಆಂಟನಿ ವ್ರತನಿಷ್ಠರಾದ ಕನ್ಯೆಯರ ವಶಕ್ಕೆ ಒಪ್ಪಿಸಿ ಹೊರಟ. ಆಕೆಯ ಹೆಸರನ್ನು ಕೂಡ ಅಥನೇಷಿಯಸ್ ಹೇಳುವುದಿಲ್ಲ. ನಾನು ಈ ಗ್ರಂಥವನ್ನು ಓದಿದಾಗಲೆಲ್ಲ ನಿಲ್ಲುವುದು ಇಲ್ಲಿಯೇ. ಅಣ್ಣನ ವೈರಾಗ್ಯದ ಬೆಲೆಯನ್ನು ತೆತ್ತವಳು ಅವಳು. ಅವಳನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಆದರೆ ಗ್ರಂಥಕಾರನು ಅವಳನ್ನು ಪೂರ್ತಿ ಮರೆತೂ ಇಲ್ಲ. ಎಷ್ಟೋ ವರ್ಷಗಳ ಅನಂತರ ಮುದುಕನಾದ ಆಂಟನಿ ತನ್ನ ತಂಗಿಯನ್ನು ಮತ್ತೆ ಕಂಡನೆಂದೂ, ಅವಳೂ ವೃದ್ಧೆಯಾಗಿ, ಬೇರೆ ಕನ್ಯೆಯರಿಗೆ ತಾನೇ ಹಿರಿಯಳಾಗಿ ನಡೆಯುತ್ತಿದ್ದುದನ್ನು ನೋಡಿ ಸಂತೋಷಪಟ್ಟನೆಂದೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಮರುಭೂಮಿಗೆ ಹೋಗದೆ, ಊರೊಳಗೇ ಇದ್ದು, ಅಷ್ಟೇ ದೀರ್ಘವಾದ ಇನ್ನೊಂದು ತಪಸ್ಸನ್ನು ಆಕೆ ಮಾಡಿ ಮುಗಿಸಿದ್ದಳು.

ಆಂಟನಿಯ ಬಾಳು ಒಂದೊಂದೇ ಹೆಜ್ಜೆ ಊರಿನಿಂದ ದೂರ ಸರಿದ ಕಥೆ. ಮೊದಲು ಊರ ಹೊರಗಿನ ಗುಡಿಸಲು. ಆಮೇಲೆ ಹಳೆಯ ಸಮಾಧಿಯೊಂದರ ಒಳಗೆ. ಆಮೇಲೆ ನೈಲ್ ನದಿಯಾಚೆ ಹಾಳುಬಿದ್ದ ಕೋಟೆ. ಆ ಕೋಟೆಯಲ್ಲಿ ಬಾಗಿಲು ಮುಚ್ಚಿಕೊಂಡು ಇಪ್ಪತ್ತು ವರ್ಷ ಇದ್ದ. ಗೆಳೆಯರು ವರ್ಷಕ್ಕೆರಡು ಸಲ ಬಂದು ರೊಟ್ಟಿಯನ್ನು ಕೊಟ್ಟು ಹೋಗುತ್ತಿದ್ದರು. 305ರ ಸುಮಾರಿನಲ್ಲಿ ಜನ ತಡೆಯಲಾರದೆ ಬಾಗಿಲನ್ನು ಮುರಿದೇ ಒಳಹೊಕ್ಕರು. ಅಸ್ಥಿಪಂಜರವನ್ನು ಕಾಣುವೆವೆಂದುಕೊಂಡಿದ್ದವರಿಗೆ ಆರೋಗ್ಯವಾದ, ಸಮಚಿತ್ತದ ಮನುಷ್ಯನೊಬ್ಬ ಎದುರಾದ. ಅಲ್ಲಿಂದ ಮುಂದೆ ಅವನ ಸುತ್ತ ಶಿಷ್ಯರ ಗುಡಿಸಲುಗಳು ಎದ್ದವು. 311ರಲ್ಲಿ ಕ್ರೈಸ್ತರ ಮೇಲೆ ಹಿಂಸೆ ನಡೆಯುತ್ತಿದ್ದಾಗ ಅಲೆಗ್ಸಾಂಡ್ರಿಯಕ್ಕೆ ಬಂದು ಸೆರೆಯಲ್ಲಿದ್ದವರಿಗೆ ಧೈರ್ಯ ಹೇಳಿದ. ಆ ಬಳಿಕ ಜನಸಂದಣಿಯನ್ನು ತಪ್ಪಿಸಿಕೊಳ್ಳಲು ಅರಬ್ಬೀ ವರ್ತಕರ ತಂಡವೊಂದರ ಜೊತೆ ಕೆಂಪು ಸಮುದ್ರದ ಕಡೆಯ ಬೆಟ್ಟಕ್ಕೆ ಹೊರಟುಹೋದ. ಅಲ್ಲಿಗೂ ಜನ ರೊಟ್ಟಿ ಹೊತ್ತು ಬರತೊಡಗಿದರು. ಅವರಿಗೆ ಆ ಕಷ್ಟ ಬೇಡವೆಂದು ಅವನು ಗುದ್ದಲಿ, ಕೊಡಲಿ, ಸ್ವಲ್ಪ ಬೀಜದ ಧಾನ್ಯ ತರಿಸಿ, ನೀರಿದ್ದ ಕಡೆ ನೆಲವನ್ನು ಹದಮಾಡಿ ಬಿತ್ತಿದ. ಬಂದವರು ಬಳಲಿರುತ್ತಾರೆಂದು ಅವರಿಗಾಗಿ ತರಕಾರಿಯನ್ನೂ ಹಾಕಿದ. ಇನ್ನೂರು ಎಕರೆಯನ್ನು ಬಿಟ್ಟು ಬಂದವನು ಕೊನೆಗೆ ಅಂಗೈಯಗಲದ ಹೊಲದ ರೈತನಾದ. 356ರಲ್ಲಿ ತೀರಿಕೊಂಡಾಗ ಅವನಿಗೆ ನೂರೈದು ವರ್ಷವೆಂದು ಅಥನೇಷಿಯಸ್ ಹೇಳುತ್ತಾನೆ. ಆ ಬೆಟ್ಟದ ಬುಡದಲ್ಲಿ ಅವನ ಹೆಸರಿನ ಮಠ ಇಂದಿಗೂ ಇದೆ.

ಆಂಟನಿಯ ಚರಿತ್ರೆ ಭಕ್ತನು ಬರೆದದ್ದು. ಈಗ ಶಾನುಭೋಗನ ಕಡೆಯ ಒಂದು ಕಾಗದವನ್ನು ನೋಡೋಣ. ಕರಾನಿಸ್ ಎಂಬ ಹಳ್ಳಿಯ ಇಸಿಡೋರಸ್ ಎಂಬ ರೈತ 324ನೆಯ ಇಸವಿ ಜೂನ್ ತಿಂಗಳಿನಲ್ಲಿ ಅಧಿಕಾರಿಗೆ ಒಂದು ಅರ್ಜಿ ಕೊಟ್ಟ. ನೆರೆಯವರ ಹಸು ತನ್ನ ಪೈರನ್ನು ಮತ್ತೆ ಮತ್ತೆ ಮೇಯುತ್ತಿದೆ. ಅದನ್ನು ಹಿಡಿದು ಊರಿಗೆ ಹೊಡೆದುಕೊಂಡು ಬರುತ್ತಿದ್ದಾಗ ಒಡೆಯರು ಅಡ್ಡಗಟ್ಟಿ, ದೊಣ್ಣೆಯಿಂದ ಬಡಿದು, ಹಸುವನ್ನು ಬಿಡಿಸಿಕೊಂಡು ಹೋದರು. ದಾರಿಯಲ್ಲಿ ಬರುತ್ತಿದ್ದ ಇಬ್ಬರು ಬಂದು ಬಿಡಿಸದಿದ್ದರೆ ತನ್ನ ಜೀವವೇ ಹೋಗುತ್ತಿತ್ತು ಎಂಬುದು ದೂರು. ಆ ಇಬ್ಬರಲ್ಲಿ ಒಬ್ಬ ಡೀಕನ್ ಆಂಟೊನಿನಸ್, ಇನ್ನೊಬ್ಬ ‘ಮೊನಖೋಸ್’ ಐಸಾಕ್. ಮೊನಖೋಸ್ ಎಂದರೆ ಒಂಟಿಯಾಗಿರುವವನು, ಸನ್ಯಾಸಿ. ಆ ಅರ್ಥದಲ್ಲಿ ಈ ಪದ ದೊರೆಯುವ, ದಿನಾಂಕವುಳ್ಳ ಅತ್ಯಂತ ಹಳೆಯ ದಾಖಲೆ ಇದೇ ಎಂಬುದನ್ನು ಇ. ಎ. ಜಡ್ಜ್ ಎಂಬ ವಿದ್ವಾಂಸರು 1977ರಲ್ಲಿ ಎತ್ತಿ ತೋರಿಸಿದರು.

ಇದು ಎಷ್ಟು ಸ್ವಾರಸ್ಯದ ಸಂಗತಿ ನೋಡಿ! ಸನ್ಯಾಸಿಯೆಂಬ ಪದ ಲೌಕಿಕ ದಾಖಲೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಗುಹೆಯೊಳಗಲ್ಲ, ಹಸುವಿಗಾಗಿ ನಡೆದ ಹೊಡೆದಾಟದ ನಡುವೆ. ‘ಒಂಟಿ’ ಎಂದು ಕರೆಸಿಕೊಂಡವನು ಇನ್ನೊಬ್ಬನ ಜೊತೆಯಲ್ಲಿ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದಾನೆ. ಪೆಟ್ಟು ತಿನ್ನುತ್ತಿರುವ ರೈತನನ್ನು ಕಂಡು ಸುಮ್ಮನೆ ಹೋಗುವುದಿಲ್ಲ. ರೈತನೂ ತನ್ನ ಅರ್ಜಿಯಲ್ಲಿ ಅವನು ಯಾರೆಂದು ವಿವರಿಸುವ ಗೋಜಿಗೆ ಹೋಗದೆ ಆ ಒಂದು ಪದವನ್ನಷ್ಟೇ ಬರೆಸುತ್ತಾನೆ. ಊರಿಗೆಲ್ಲ ಗೊತ್ತಿದ್ದ ಬಗೆಯ ಮನುಷ್ಯ ಎಂದಾಯಿತು.

ಇದಾದ ಮೇಲೆ ನಾಲ್ಕನೆಯ ಶತಮಾನದುದ್ದಕ್ಕೂ ಮರುಭೂಮಿಗೆ ಹೋಗುವವರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಅಲೆಗ್ಸಾಂಡ್ರಿಯದ ದಕ್ಷಿಣಕ್ಕೆ ನಿಟ್ರಿಯ ಎಂಬಲ್ಲಿ ಅಮೂನ್ ಎಂಬ ತಪಸ್ವಿ ನೆಲೆನಿಂತ. ಅದೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದ ಪಲ್ಲಾಡಿಯಸ್ ಎಂಬಾತ ಐದು ಸಾವಿರ ಮಂದಿ ಅಲ್ಲಿದ್ದರೆಂದು ಬರೆಯುತ್ತಾನೆ. ಅವರಿಗಾಗಿ ರೊಟ್ಟಿ ಸುಡುವ ಏಳು ಭಟ್ಟಿಗಳಿದ್ದವು, ವೈದ್ಯರಿದ್ದರು, ಅತಿಥಿಗೃಹವಿತ್ತು. ಅತಿಥಿಗೆ ಒಂದು ವಾರ ಉಪಚಾರ. ಅನಂತರವೂ ಉಳಿಯುವುದಾದರೆ ತೋಟದಲ್ಲೋ ಭಟ್ಟಿಯಲ್ಲೋ ಅಡಿಗೆಮನೆಯಲ್ಲೋ ಕೆಲಸ ಮಾಡಬೇಕು. ಓದುಬರಹ ಬಲ್ಲವನಾದರೆ ಕೈಗೆ ಒಂದು ಪುಸ್ತಕ ಕೊಡುತ್ತಿದ್ದರು. ಚರ್ಚಿನ ಬಳಿ ಮೂರು ಖರ್ಜೂರದ ಮರಗಳು, ಒಂದೊಂದರ ಮೇಲೂ ಒಂದು ಚಾವಟಿ: ತಪ್ಪು ಮಾಡಿದ ಸನ್ಯಾಸಿಗೊಂದು, ಕಳ್ಳನಿಗೊಂದು, ಅತಿಥಿಗೊಂದು! ಲೋಕವನ್ನು ಬಿಟ್ಟು ಬಂದವರು ಐದು ಸಾವಿರವಾದಾಗ ಲೋಕವನ್ನೇ ಮತ್ತೆ ಕಟ್ಟಬೇಕಾಗುತ್ತದೆ.

ಈ ಸಂದಣಿಯಿಂದ ಬೇಸತ್ತವರಿಗಾಗಿ 338ರ ಸುಮಾರಿನಲ್ಲಿ ಇನ್ನೊಂದು ನೆಲೆ ಹುಟ್ಟಿತು. ಅದಕ್ಕೆ ಕೆಲ್ಲಿಯ, ಅಂದರೆ ‘ಕೋಣೆಗಳು’, ಎಂದು ಹೆಸರು. ಅದರ ಜಾಗವನ್ನು ಗೊತ್ತುಮಾಡಿದ ಕಥೆ ಮನೋಜ್ಞವಾಗಿದೆ. ಇನ್ನೂ ದೂರ ಹೋಗಬಯಸುವ ಸೋದರರಿಗೆ ಎಷ್ಟು ದೂರ ಸರಿಯೆಂದು ಅಮೂನ್ ಆಂಟನಿಯನ್ನು ಕೇಳಿದನಂತೆ. ಮಧ್ಯಾಹ್ನ ಮೂರು ಗಂಟೆಯ ಊಟ ಮುಗಿಸಿ ನಡೆಯೋಣ ಬಾ ಎಂದ ಆಂಟನಿ. ಇಬ್ಬರು ಮುದುಕರೂ ಹೊತ್ತು ಮುಳುಗುವವರೆಗೆ ಮರಳಿನಲ್ಲಿ ನಡೆದು, ನಿಂತ ಕಡೆ ಒಂದು ಶಿಲುಬೆಯನ್ನು ನೆಟ್ಟರು. ಇತ್ತ ಊಟ ಮಾಡಿ ಹೊರಟವನು ಕತ್ತಲಾಗುವುದರೊಳಗೆ ಅತ್ತ ಗೆಳೆಯನ ಮನೆ ಸೇರುವಂತಿರಬೇಕು ಎಂಬುದು ಆ ಅಳತೆಯ ತತ್ತ್ವ. ಅಲ್ಲಿಯವರು ವಾರದಲ್ಲಿ ಐದು ದಿನ ತಮ್ಮ ತಮ್ಮ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಿದ್ದರು. ಶನಿವಾರ ಭಾನುವಾರ ಚರ್ಚಿನಲ್ಲಿ ಕಲೆಯುತ್ತಿದ್ದರು. ಯಾರಾದರೂ ಬಾರದಿದ್ದರೆ ಅವನಿಗೆ ಮೈಯಲ್ಲಿ ಸರಿಯಿಲ್ಲವೆಂದು ತಿಳಿದು ಒಬ್ಬರಾದ ಮೇಲೊಬ್ಬರು ಹೋಗಿ ನೋಡಿಬರುತ್ತಿದ್ದರು. 1964ರಿಂದ ಮುಂದೆ ಫ್ರಾನ್ಸಿನ ಮತ್ತು ಸ್ವಿಟ್ಜರ್ಲೆಂಡಿನ ಪುರಾತತ್ತ್ವಜ್ಞರು ಈ ಜಾಗವನ್ನು ಅಗೆದಾಗ, ಮುಂದಿನ ಶತಮಾನಗಳವೂ ಸೇರಿ, ಸಾವಿರದೈನೂರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು. ಗೋಡೆ ಸುತ್ತಿದ ಅಂಗಳ, ಬಾವಿ, ಅಡಿಗೆಮನೆ, ಪ್ರಾರ್ಥನೆಯ ಕೋಣೆ, ಗುರುವಿಗೊಂದು ಶಿಷ್ಯನಿಗೊಂದು ವಾಸದ ಕೋಣೆ: ಹೀಗೆ ಅಚ್ಚುಕಟ್ಟಾದ ಮನೆಗಳು.

ಅನ್ನದ ಪ್ರಶ್ನೆಗೂ ಉತ್ತರ ಸ್ಪಷ್ಟವಾಗಿದೆ. ಅವರು ಖರ್ಜೂರದ ಗರಿಯನ್ನು ನೀರಿನಲ್ಲಿ ನೆನೆಸಿ ಬುಟ್ಟಿ, ಚಾಪೆ, ಹಗ್ಗ ಹೆಣೆದು ಮಾರುತ್ತಿದ್ದರು. ನಿಟ್ರಿಯದಲ್ಲಿ ನಾರುಬಟ್ಟೆ ತಯಾರಾಗುತ್ತಿತ್ತು. ಅಕ್ಷರ ಬಲ್ಲವರು ಗ್ರಂಥಗಳನ್ನು ಪ್ರತಿಮಾಡುತ್ತಿದ್ದರು. ಸುಗ್ಗಿಯ ಕಾಲ ಬಂದರೆ ಕೂಲಿಗಾರರಂತೆ ಗುಂಪುಗುಂಪಾಗಿ ಹೊಲಗಳಿಗೆ ಇಳಿದು ಪೈರು ಕೊಯ್ದು, ಕೂಲಿಗೆ ಧಾನ್ಯ ತರುತ್ತಿದ್ದರು. ಅದರಲ್ಲಿ ದೊಡ್ಡ ಪಾಲನ್ನು ಬಡವರಿಗೆ ಹಂಚುತ್ತಿದ್ದರು. ದಿನಕ್ಕೆ ಎರಡು ಒಣರೊಟ್ಟಿ, ಉಪ್ಪು, ನೀರು ಇವರ ಆಹಾರ. ಕುಳ್ಳ ಯೋಹಾನ ಎಂಬ ತಪಸ್ವಿಯ ಮೇಲೆ ಒಂದು ಕಥೆಯಿದೆ. ದೇವದೂತರಂತೆ ಕೆಲಸವಿಲ್ಲದೆ ಬರಿಯ ಧ್ಯಾನದಲ್ಲಿರುವೆನೆಂದು ತರುಣ ಯೋಹಾನ ಅಣ್ಣನನ್ನು ಬಿಟ್ಟು ಮರುಭೂಮಿಯೊಳಕ್ಕೆ ನಡೆದ. ವಾರದ ಮೇಲೆ ಹಸಿದು ಹಿಂದಿರುಗಿ ಬಾಗಿಲು ತಟ್ಟಿದಾಗ, ಯೋಹಾನ ದೇವದೂತನಾದನು, ಮನುಷ್ಯರಲ್ಲಿ ಈಗಿಲ್ಲ ಎಂದು ಅಣ್ಣ ಒಳಗಿನಿಂದಲೇ ಹೇಳಿ, ಬೆಳಗಿನವರೆಗೂ ಹೊರಗೆ ಕೂರಿಸಿದ. ಆಮೇಲೆ ಬಾಗಿಲು ತೆಗೆದು, ನೀನು ಮನುಷ್ಯನಾದರೆ ದುಡಿದೇ ತಿನ್ನಬೇಕೆಂದು ಬುದ್ಧಿ ಹೇಳಿದ. ಇಂಥ ಕಥೆಗಳನ್ನು ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಕ್ಕವರು ಅವರು. ಅವರ ವಿಷಯದಲ್ಲಿ ನನಗೆ ಗೌರವ ಹುಟ್ಟುವುದು ಇಂಥ ಕಡೆಯಲ್ಲಿ.

ಏಕಾಂತದ ಒಳಗಿನ ಕಷ್ಟವನ್ನು ಅವರು ಮುಚ್ಚಿಡಲಿಲ್ಲ. ಇವಾಗ್ರಿಯಸ್ ಎಂಬಾತ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ದೊಡ್ಡ ವಿದ್ವಾಂಸನೆಂದು ಹೆಸರಾದವನು. ಅಲ್ಲಿಂದ ಬಂದು ಕೆಲ್ಲಿಯದಲ್ಲಿ ನೆಲೆಸಿ 399ರಲ್ಲಿ ತೀರಿಕೊಂಡ. ನಡುಹಗಲಿನಲ್ಲಿ ಸನ್ಯಾಸಿಯನ್ನು ಹಿಡಿಯುವ ಬೇಸರವನ್ನು ಅವನು ವೈದ್ಯನಂತೆ ವರ್ಣಿಸಿದ್ದಾನೆ. ಸೂರ್ಯ ಅಲುಗಾಡದೆ ನಿಂತಂತೆ ಕಾಣುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಬಳಿ ಹೋಗುತ್ತಾನೆ. ಊಟದ ಹೊತ್ತಾಯಿತೇ ಎಂದು ಬಿಸಿಲನ್ನು ನೋಡುತ್ತಾನೆ. ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯನ್ನು ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋದರೆ ಸಾಧನೆ ಸುಲಭವೆಂದು ತೋರುತ್ತದೆ. ಮನೆಯವರು ನೆನಪಾಗುತ್ತಾರೆ, ಮುಂದೆ ಮುಪ್ಪಿನ ವರ್ಷಗಳು ಉದ್ದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಈ ಬೇಸರವನ್ನು ಅರಿಯಲು ಮರುಭೂಮಿಗೆ ಹೋಗಬೇಕಾಗಿಲ್ಲ. ನಿವೃತ್ತಿಯ ಮೊದಲ ವರ್ಷದ ಮಧ್ಯಾಹ್ನಗಳನ್ನು ಕಳೆದ ಯಾರೂ ಇದನ್ನು ಓದಿ ತಲೆದೂಗಿಯಾರು. ಇವಾಗ್ರಿಯಸ್ ಇದಕ್ಕೆ ಹೇಳುವ ಮುಖ್ಯ ಔಷಧ ಕೋಣೆಯನ್ನು ಬಿಟ್ಟು ಓಡದಿರುವುದು. ಒಂದು ಸಲ ಓಡಿದವನಿಗೆ ಎಲ್ಲ ಕೋಣೆಗಳೂ ಅಂಥವೇ ಆಗುತ್ತವೆ.

ಜನ ತಪಸ್ವಿಗಳನ್ನು ಹುಡುಕಿಕೊಂಡು ಹೋದದ್ದೇಕೆ? ಈ ಪ್ರಶ್ನೆಗೆ ಪೀಟರ್ ಬ್ರೌನ್ ಎಂಬ ಇತಿಹಾಸಕಾರರು 1971ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅವರು ಮುಖ್ಯವಾಗಿ ನೋಡಿದ್ದು ಸಿರಿಯದ ಕಡೆಗೆ. ಅಲ್ಲಿ ಅಲೆಪ್ಪೊ ನಗರದ ಸಮೀಪದ ಬೆಟ್ಟದಲ್ಲಿ ಸಿಮಿಯೋನ್ ಎಂಬ ತಪಸ್ವಿ ಮುತ್ತುವ ಜನರಿಂದ ತಪ್ಪಿಸಿಕೊಳ್ಳಲು ಕಂಬವೊಂದರ ಮೇಲೆ ಹತ್ತಿ ನಿಂತ. ಕಂಬ ವರ್ಷದಿಂದ ವರ್ಷಕ್ಕೆ ಎತ್ತರವಾಯಿತು. ಕೆಳಗಿನ ಜನಜಂಗುಳಿಯೂ ಅದರ ಜೊತೆಯಲ್ಲಿಯೇ ಬೆಳೆಯಿತು. 459ರಲ್ಲಿ ತೀರಿಕೊಳ್ಳುವವರೆಗೆ, ಹಲವು ದಶಕಗಳ ಕಾಲ, ಆತ ಅಲ್ಲಿಯೇ ಇದ್ದ. ದಿನದ ಒಂದು ಹೊತ್ತನ್ನು ಹಳ್ಳಿಯವರ ವ್ಯಾಜ್ಯ ಕೇಳುವುದಕ್ಕೆಂದೇ ಇಟ್ಟಿದ್ದ. ಬಡ್ಡಿ ಇಳಿಸಿರೆಂದು ಸಾಲಕೊಡುವವರಿಗೆ ಹೇಳುತ್ತಿದ್ದ. ಅವನ ಮಾತು ನಡೆಯುತ್ತಿದ್ದುದಕ್ಕೆ ಕಾರಣ, ಅವನಿಗೆ ಆ ಊರಿನಲ್ಲಿ ಹೊಲವಿರಲಿಲ್ಲ, ನೆಂಟರಿರಲಿಲ್ಲ, ಯಾವ ಪಕ್ಷವೂ ಇರಲಿಲ್ಲ. ಎಲ್ಲರಿಗೂ ಸಮನಾಗಿ ಹೊರಗಿನವನಾದವನನ್ನು ಎಲ್ಲರೂ ನಂಬಿದರು. ಊರಿಗೆ ಅಂಥ ಒಬ್ಬ ಹೊರಗಿನವನು ಬೇಕಾಗಿತ್ತು ಎಂಬುದು ಬ್ರೌನ್ ಅವರ ವಾದದ ತಿರುಳು. ಆ ಕಂಬದ ಉಳಿದ ಬುಡವೂ ಅದರ ಸುತ್ತ ಕಟ್ಟಿದ ಚರ್ಚಿನ ಅವಶೇಷವೂ 2016ರಲ್ಲಿ ಸಿರಿಯದ ಯುದ್ಧದಲ್ಲಿ ಹಾನಿಗೊಂಡವು.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಪುರಾಣವನ್ನೇ ಹೇಳಿದಂತಾಗುತ್ತದೆ. ಹೊರಗಿನವನ ಮಾತಿಗೆ ಬಲ ಬಂದಾಗ ಆ ಬಲವನ್ನು ಬಳಸಿಕೊಳ್ಳುವವರೂ ಬರುತ್ತಾರೆ. 370ರ ಸುಮಾರಿನಲ್ಲಿ ಚಕ್ರವರ್ತಿ ವೇಲೆನ್ಸ್, ಪೌರ ಕರ್ತವ್ಯಗಳಿಂದ ನುಣುಚಿಕೊಂಡು ಸನ್ಯಾಸಿಗಳ ಗುಂಪು ಸೇರಿದವರನ್ನು ಅವರ ಅಡಗುತಾಣಗಳಿಂದ ಎಳೆದುತರಬೇಕೆಂದು ಶಾಸನ ಮಾಡಿದ. ಆಳುವವನ ಕಣ್ಣಿಗೆ ಸಂತನ ನಿರ್ಗಮನವೂ ತೆರಿಗೆಗಳ್ಳನ ಪಲಾಯನವೂ ಒಂದೇ ಆಗಿ ಕಂಡಿದ್ದವು. 380ರ ದಶಕದಲ್ಲಿ ಆಂಟಿಯೋಕಿನ ವಾಗ್ಮಿ ಲಿಬೇನಿಯಸ್, ಕಪ್ಪು ಬಟ್ಟೆಯ ಸನ್ಯಾಸಿಗಳು ಗುಂಪುಕಟ್ಟಿ ಬಂದು ಹಳೆಯ ದೇಗುಲಗಳನ್ನು ಕೆಡವುತ್ತಿದ್ದಾರೆಂದು ಚಕ್ರವರ್ತಿಗೆ ಮೊರೆಯಿಟ್ಟ. ಸುಮಾರು 415ರಲ್ಲಿ, ಅಲೆಗ್ಸಾಂಡ್ರಿಯದ ಬಿಷಪ್ಪನಿಗೂ ರಾಜ್ಯಪಾಲ ಓರೆಸ್ಟಿಸನಿಗೂ ಜಗಳ ಬೆಳೆದಾಗ, ಬಿಷಪ್ಪನ ಪಕ್ಷ ವಹಿಸಿ ನಿಟ್ರಿಯದಿಂದ ಐನೂರು ಸನ್ಯಾಸಿಗಳು ನಗರಕ್ಕೆ ಇಳಿದುಬಂದರು. ಅವರಲ್ಲೊಬ್ಬ ಎಸೆದ ಕಲ್ಲು ರಾಜ್ಯಪಾಲನ ತಲೆಯನ್ನು ಒಡೆಯಿತು. ಏಳು ಭಟ್ಟಿಗಳ ರೊಟ್ಟಿ ತಿಂದು, ಚಾಪೆ ಹೆಣೆದು, ಅತಿಥಿಯ ಕೈಗೆ ಪುಸ್ತಕ ಕೊಡುತ್ತಿದ್ದ ಅದೇ ನಿಟ್ರಿಯ! ಊರನ್ನು ಬಿಟ್ಟ ಮಾತ್ರಕ್ಕೆ ಊರಿನ ದ್ವೇಷವನ್ನು ಬಿಟ್ಟಂತಾಗುವುದಿಲ್ಲ. ಒಬ್ಬೊಬ್ಬರಾಗಿ ಹೋದವರು ಗುಂಪಾಗಿ ಹಿಂದಿರುಗಿದಾಗ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಈ ಈಜಿಪ್ಟಿನ ಕಥೆಯನ್ನು ಓದುವಾಗ ಕನ್ನಡದ ಮನಸ್ಸು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಡೆ ಹೊರಳದೆ ಇರಲಾರದು. ಕಟವಪ್ರ, ಕಳ್ಬಪ್ಪು ಎಂದು ಹೆಸರಾದ ಆ ಬೆಟ್ಟದ ಅತ್ಯಂತ ಹಳೆಯ ಶಾಸನ ಕ್ರಿ.ಶ. 600ರ ಸುಮಾರಿನದು, ಲೂಯಿ ರೈಸರು ಅಲ್ಲಿಯ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು. ಕ್ಷಾಮಕ್ಕೆ ಹೆದರಿ ಉತ್ತರದಿಂದ ಬಂದ ಸಂಘವನ್ನು ಆ ಶಾಸನ ನೆನೆಯುತ್ತದೆ. ಹಂದಿ, ಹುಲಿ, ಕರಡಿಗಳಿಂದ ತುಂಬಿದ್ದ ಈ ಬೆಟ್ಟದಲ್ಲಿ ಪ್ರಭಾಚಂದ್ರ ಎಂಬ ಆಚಾರ್ಯ ತನ್ನ ಆಯುಸ್ಸು ಮುಗಿಯುತ್ತ ಬಂದುದನ್ನರಿತು, ಸಂಘವನ್ನೆಲ್ಲ ಮುಂದಕ್ಕೆ ಕಳಿಸಿ, ತಾನಿಲ್ಲಿಯೇ ಉಳಿದನೆಂದು ಹೇಳುತ್ತದೆ. ಎಲ್ಲರನ್ನೂ ಕಳಿಸಿದನೇ? ಇಲ್ಲ, ಒಬ್ಬ ಶಿಷ್ಯನನ್ನು ಉಳಿಸಿಕೊಂಡನೆಂದು ಶಾಸನ ಮರೆಯದೆ ಬರೆಯುತ್ತದೆ. ಕೆಲ್ಲಿಯದ ಮನೆಗಳಲ್ಲಿ ಗುರುವಿನ ಕೋಣೆಯ ಜೊತೆಗೆ ಶಿಷ್ಯನ ಕೋಣೆಯಿದ್ದುದನ್ನು ಓದಿದಾಗ ನನಗೆ ನೆನಪಾದವನು ಹೆಸರು ತಿಳಿಯದ ಈ ಶಿಷ್ಯ. ಎಂಥ ನಿಷ್ಠುರವಾದ ಏಕಾಂತಕ್ಕೂ ಒಬ್ಬ ಸಾಕ್ಷಿ ಬೇಕು, ನೀರು ಕೊಡುವ ಒಂದು ಕೈ ಬೇಕು. ಆ ಒಬ್ಬನು ಹಿಂದಿರುಗಿ ಬಂದು ಹೇಳದಿದ್ದರೆ ಬೆಟ್ಟದ ಬಂಡೆಗೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ 1973ರ ಸಂಪುಟದಲ್ಲಿ ಶ್ರವಣಬೆಳಗೊಳದ 573 ಶಾಸನಗಳಿವೆ. ಮನುಷ್ಯರಿಂದ ದೂರವೆಂದು ಆರಿಸಿಕೊಂಡ ಬೆಟ್ಟ ಕನ್ನಡನಾಡಿನಲ್ಲಿ ಮನುಷ್ಯರ ಹೆಸರುಗಳು ಅತಿ ದಟ್ಟವಾಗಿ ಕೆತ್ತಿರುವ ಜಾಗಗಳಲ್ಲಿ ಒಂದಾಯಿತು.

ಹಾಗಾದರೆ ಏಕಾಂತವಾಸ ಎಂಬುದು ಬರಿಯ ಭ್ರಮೆಯೇ ಎಂದು ತಾವು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ತೆರಿಗೆಗೆ ಹೆದರಿ ಓಡಿದ ರೈತನಿಗೂ ಜಮೀನು ಕೊಟ್ಟು ಹೊರಟ ಆಂಟನಿಗೂ ಒಂದೇ ಪದವಿದ್ದರೂ ಇಬ್ಬರ ನಡುವೆ ಅಂತರವಿದೆ. ಒಬ್ಬನನ್ನು ಊರು ನೂಕಿತು. ಇನ್ನೊಬ್ಬನು ತಾನೇ ಹೊರಟ. ನೂಕಿಸಿಕೊಂಡವನ ಒಂಟಿತನವನ್ನು ವೈರಾಗ್ಯವೆಂದು ಹೊಗಳುವುದು ಕ್ರೌರ್ಯ. ನಮ್ಮ ಊರುಗಳಲ್ಲಿಯೂ ಮಕ್ಕಳು ದೂರದೇಶ ಸೇರಿದ ಮೇಲೆ ದೊಡ್ಡ ಮನೆಯ ಒಂದೇ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಕೂತ ಮುದುಕರಿದ್ದಾರೆ. ಅವರು ತಪಸ್ಸಿಗೆ ಹೋದವರಲ್ಲ. ಅವರ ಪಾಲಿಗೆ ಶನಿವಾರದ ಚರ್ಚು ಇಲ್ಲ; ಬಾರದಿದ್ದರೆ ಬಂದು ನೋಡುವ ಸೋದರರೂ ಇಲ್ಲ.

ತಾನಾಗಿ ಹೊರಟವನ ಏಕಾಂತ ಬೇರೆ. ಅದರ ಬೆಲೆಯನ್ನು ಹೆಸರಿಲ್ಲದ ತಂಗಿಯೊಬ್ಬಳು ತೆರುತ್ತಾಳೆ, ಹೆಸರಿಲ್ಲದ ಶಿಷ್ಯನೊಬ್ಬ ಹೊರುತ್ತಾನೆ, ರೊಟ್ಟಿ ತರುವ ಗೆಳೆಯರು ಹೊರುತ್ತಾರೆ. ಅದನ್ನು ಅರಿತು ನಡೆದವರು ಬುಟ್ಟಿ ಹೆಣೆದರು, ಪೈರು ಕೊಯ್ದರು, ಬಂದವರಿಗೆ ತರಕಾರಿ ಬೆಳೆದರು, ಹೊಡೆತ ತಿನ್ನುತ್ತಿದ್ದ ನೆರೆಯವನನ್ನು ಬಿಡಿಸಿದರು. ಅರಿಯದವರು ಕಲ್ಲು ಹಿಡಿದು ನಗರಕ್ಕೆ ಇಳಿದರು. ಮರುಭೂಮಿ ಇಬ್ಬರಿಗೂ ಒಂದೇ ಆಗಿತ್ತು.

ನನ್ನ ಗೆಳೆಯರಲ್ಲಿ ಯಾರಾದರೂ ಇನ್ನು ಮುಂದೆ ‘ಎಲ್ಲ ಬಿಟ್ಟು ಹೋಗಬೇಕು’ ಎಂದರೆ ನಾನು ಬೇಡವೆನ್ನುವುದಿಲ್ಲ. ಎಷ್ಟು ದೂರ ಎಂದು ಮಾತ್ರ ಕೇಳುತ್ತೇನೆ. ಆ ಇಬ್ಬರು ಮುದುಕರು ಮಧ್ಯಾಹ್ನದ ಊಟ ಮುಗಿಸಿ ಮರಳಿನಲ್ಲಿ ನಡೆದು ಅಳೆದುಕೊಟ್ಟ ದೂರ ಇದೆಯಲ್ಲ, ಅಷ್ಟಾದರೆ ಹೋಗಿ ಬರಲಿ. ಕತ್ತಲಾಗುವುದರೊಳಗೆ ನಾವು ನಡೆದು ತಲಪುವಂತಿರಬೇಕು.